ಕುಡಿತದ ಮರುದಿನ: ಒಂದು ಅಮೈನೊ ಆಮ್ಲದ ಚರಿತ್ರೆ

ಮದ್ಯಪಾನದ ಕೇಡುಗಳನ್ನು ಕುರಿತು ನೀತಿಯನ್ನು ಹೇಳುವ ಲೇಖನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವುಗಳ ಸಾಲಿಗೆ ಇನ್ನೊಂದನ್ನು ಸೇರಿಸುವುದು ನಮ್ಮ ಉದ್ದೇಶವಲ್ಲ. ಕುಡಿದವನು ಮರುದಿನ ಬೆಳಗ್ಗೆ ಪಡುವ ಬಾಧೆಯನ್ನು ಒಂದು ಗುಳಿಗೆಯಿಂದ ಕಳೆಯಬಹುದೆಂಬ ಆಸೆಯು ಎಲ್ಲಿ ಹುಟ್ಟಿತು, ಆ ಗುಳಿಗೆಯೊಳಗಿನ ವಸ್ತುವು ವಿಜ್ಞಾನಿಗಳ ಕೈಗೆ ಹೇಗೆ ಬಂದಿತು, ಅದರಿಂದ ಯಾರೂ ನಿರೀಕ್ಷಿಸದಿದ್ದ ಯಾವ ಯಾವ ಪರಿಣಾಮಗಳು ಹೊರಬಿದ್ದವು ಎಂಬ ಮೂರು ಪ್ರಶ್ನೆಗಳಿಗೆ ಚರಿತ್ರೆಯು ಕೊಡುವ ಉತ್ತರವನ್ನು ವಾಚಕರ ಮುಂದಿಡುವುದಷ್ಟೇ ನಮ್ಮ ಬಯಕೆ.

ಈ ವಿಷಯವು ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಅಮೈನೊ ಆಮ್ಲವೆಂಬ ಮಾತನ್ನು ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಕಲಿಯುತ್ತಾರೆ. ಅದೇ ಮಾತನ್ನು ಜಾಹೀರಾತಿನಲ್ಲಿಯೂ ಕಾಣುತ್ತಾರೆ. ಪಾಠದಲ್ಲಿ ಅದು ಜ್ಞಾನ. ಜಾಹೀರಾತಿನಲ್ಲಿ ಅದು ಭರವಸೆ. "ಇದು ಔಷಧವಲ್ಲ, ನಮ್ಮ ಆಹಾರದಲ್ಲಿಯೂ ದೇಹದಲ್ಲಿಯೂ ಸಹಜವಾಗಿಯೇ ಇರುವ ವಸ್ತು, ಆದುದರಿಂದ ಇದರಿಂದ ಹಾನಿಯಿಲ್ಲ" ಎಂಬ ವಾದವು ಕೇಳುವುದಕ್ಕೆ ಎಷ್ಟು ಸರಳವೋ ಅಷ್ಟೇ ಮೋಸಕರವಾದುದು. ಅದನ್ನು ಚರಿತ್ರೆಯ ಒರೆಗಲ್ಲಿಗೆ ಉಜ್ಜಿ ನೋಡೋಣ.

ಕುಡಿತದ ಮರುದಿನದ ಬಾಧೆಯು ಕುಡಿತದಷ್ಟೇ ಹಳೆಯದು. ನಮ್ಮ ದೇಶದ ವೈದ್ಯಗ್ರಂಥಗಳು ಅದನ್ನು ಬೇರೆಯೇ ಒಂದು ರೋಗವಾಗಿ ಎಣಿಸಿದ್ದುವು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯಕ್ಕಾಗಿ ಒಂದು ಅಧ್ಯಾಯವೇ ಮೀಸಲಾಗಿದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪಾನಾತ್ಯಯ, ಪರಮದ, ಪಾನಾಜೀರ್ಣ, ಪಾನವಿಭ್ರಮ ಎಂದು ನಾಲ್ಕು ಅವಸ್ಥೆಗಳನ್ನು ವಿಂಗಡಿಸಿದ್ದಾರೆ. ಕುಡಿದುದು ಅರಗದೆ ಉಳಿದು ಬಾಧಿಸುತ್ತದೆ ಎಂಬ ಭಾವನೆಯು ಪಾನಾಜೀರ್ಣವೆಂಬ ಹೆಸರಿನಲ್ಲಿಯೇ ಅಡಗಿದೆ. ಇಂಗ್ಲಿಷಿನಿಂದ ಬಂದ ಹ್ಯಾಂಗೋವರ್ ಎಂಬ ಮಾತು ಈಗ ಪೇಟೆಗಳಲ್ಲಿ ಬಳಕೆಗೆ ಬಂದಿದ್ದರೂ ಅದರ ಅನುಭವವು ನಮಗೆ ಹೊಸದಲ್ಲ. ಹೊಸದಾದುದು ಏನೆಂದರೆ, ಆ ಬಾಧೆಗೆ ಕಾರಣವಾದ ವಸ್ತುವನ್ನು ಹೆಸರಿಟ್ಟು ಗುರುತಿಸಿ, ಅದನ್ನು ಇನ್ನೊಂದು ವಸ್ತುವಿನಿಂದ ಹಿಡಿದು ಕಟ್ಟಿಹಾಕಬಹುದೆಂಬ ರಸಾಯನಶಾಸ್ತ್ರದ ಆಲೋಚನೆ.

ಆ ಇನ್ನೊಂದು ವಸ್ತುವಿನ ಕಥೆಯು ಒಂದು ಕಲ್ಲಿನಿಂದ ಪ್ರಾರಂಭವಾಗುತ್ತದೆ. ೧೮೧೦ರಲ್ಲಿ ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ ಎಂಬ ವಿಜ್ಞಾನಿಯು ರೋಗಿಯೊಬ್ಬನ ಮೂತ್ರಕೋಶದಿಂದ ತೆಗೆದ ಕಲ್ಲೊಂದನ್ನು ಪರೀಕ್ಷಿಸಿ, ಅದು ಅದುವರೆಗೆ ತಿಳಿದಿದ್ದ ಕಲ್ಲುಗಳ ಜಾತಿಗೆ ಸೇರಿದುದಲ್ಲವೆಂದು ಕಂಡನು. ಕೋಶವೆಂಬ ಅರ್ಥದ ಗ್ರೀಕ್ ಪದದಿಂದ ಆ ವಸ್ತುವಿಗೆ ಮುಂದೆ ಸಿಸ್ಟೀನ್ ಎಂದು ಹೆಸರಾಯಿತು. ೧೮೮೪ರಲ್ಲಿ ಜರ್ಮನಿಯ ಯೂಜೆನ್ ಬೌಮನ್ನನು ಅದಕ್ಕೆ ಜಲಜನಕವನ್ನು ಸೇರಿಸಿ ಅದನ್ನು ಎರಡು ಸಮಭಾಗಗಳಾಗಿ ಒಡೆದನು. ಒಂದೊಂದು ಭಾಗವೂ ಸಿಸ್ಟೆಯಿನ್ ಎನಿಸಿತು. ಹೆಸರುಗಳು ಹತ್ತಿರವಿರುವುದರಿಂದ ವಿದ್ಯಾರ್ಥಿಗಳು ಇವೆರಡನ್ನು ಬೆರೆಸಬಾರದು: ಸಿಸ್ಟೀನ್ ಜೋಡಿ, ಸಿಸ್ಟೆಯಿನ್ ಒಂಟಿ. ೧೮೯೯ರಲ್ಲಿ ಸ್ವೀಡನ್ನಿನ ಮೋರ್ನರ್ ಎಂಬವನು ಪ್ರಾಣಿಗಳ ಕೊಂಬಿನಿಂದ ಸಿಸ್ಟೀನನ್ನು ಬೇರ್ಪಡಿಸಿದ ಮೇಲೆ, ರೋಗಿಯ ಕಲ್ಲಿನಲ್ಲಿ ಸಿಕ್ಕಿದ ಈ ವಸ್ತುವು ಆರೋಗ್ಯವಂತ ದೇಹದ ಪ್ರೋಟೀನಿನ ಒಂದು ಅಂಗವೆಂಬುದು ಸ್ಥಿರಪಟ್ಟಿತು. ಕೂದಲು, ಉಗುರು, ಕೊಂಬು, ಗರಿ ಇವುಗಳಿಗೆ ಗಟ್ಟಿತನವು ಬರುವುದು ಈ ಜೋಡಿಯ ಬೆಸುಗೆಯಿಂದಲೇ. ಬಹುಕಾಲದವರೆಗೆ ವ್ಯಾಪಾರದ ಸಿಸ್ಟೆಯಿನನ್ನು ಕೂದಲಿನಿಂದಲೂ ಹಕ್ಕಿಗಳ ಗರಿಗಳಿಂದಲೂ ತೆಗೆಯುತ್ತಿದ್ದರು.

ಸಿಸ್ಟೆಯಿನಿನ ವೈಶಿಷ್ಟ್ಯವು ಅದರಲ್ಲಿರುವ ಗಂಧಕದಲ್ಲಿದೆ. ಜಲಜನಕವನ್ನು ಹೊತ್ತಿರುವ ಆ ಗಂಧಕವು ಬೇರೆ ವಸ್ತುಗಳೊಡನೆ ಬೇಗನೆ ಕೂಡಿಕೊಳ್ಳುತ್ತದೆ. ೧೯೨೧ರಲ್ಲಿ ಕೇಂಬ್ರಿಜ್ಜಿನ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್‌ನು ಜೀವಕೋಶಗಳಲ್ಲಿ ಗ್ಲುಟಥಯೋನ್ ಎಂಬ ವಸ್ತುವನ್ನು ಬೇರ್ಪಡಿಸಿ ವಿವರಿಸಿದನು. ಮೂರು ಅಮೈನೊ ಆಮ್ಲಗಳು ಕೂಡಿ ಆದ ಈ ವಸ್ತುವಿನ ನಡುವಣ ಕೊಂಡಿಯೇ ಸಿಸ್ಟೆಯಿನ್. ದೇಹದೊಳಗೆ ಹುಟ್ಟುವ ಅನೇಕ ವಿಷಗಳನ್ನು, ವಿಶೇಷವಾಗಿ ಯಕೃತ್ತಿನಲ್ಲಿ, ಹಿಡಿದು ನಿರ್ವಿಷಗೊಳಿಸುವ ಕಾವಲುಗಾರನು ಗ್ಲುಟಥಯೋನ್. ಅವನ ಕೈಯಲ್ಲಿರುವ ಆಯುಧವು ಸಿಸ್ಟೆಯಿನಿನ ಗಂಧಕ.

ಇನ್ನು ಬಾಧೆಯ ಕಡೆಗೆ ಬರೋಣ. ನಾವು ಕುಡಿತವೆಂದು ಕರೆಯುವುದೆಲ್ಲದರ ಸಾರವು ಎಥನಾಲ್ ಎಂಬ ಮದ್ಯಸಾರ. ಯಕೃತ್ತಿನ ಒಂದು ಕಿಣ್ವವು ಅದನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಎರಡನೆಯ ಕಿಣ್ವವು ಅದನ್ನು ನಿರಪಾಯಕಾರಿಯಾದ ಅಸಿಟೇಟ್ ಆಗಿ ಮಾಡುತ್ತದೆ. ನಡುವಣ ಅಸಿಟಾಲ್ಡಿಹೈಡು ಮದ್ಯಸಾರಕ್ಕಿಂತಲೂ ಉಗ್ರವಾದುದು. ಅದು ಎಷ್ಟು ಉಗ್ರವೆಂಬುದು ಲೋಕಕ್ಕೆ ತಿಳಿದುದು ಒಂದು ಆಕಸ್ಮಿಕದಿಂದ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್ ಎಂಬ ಇಬ್ಬರು ಡೈಸಲ್ಫಿರಾಮ್ ಎಂಬ ವಸ್ತುವನ್ನು ಹೊಟ್ಟೆಯ ಹುಳುಗಳಿಗೆ ಔಷಧವಾಗಿ ಪರೀಕ್ಷಿಸುತ್ತಿದ್ದರು. ಅದನ್ನು ತಾವೇ ನುಂಗಿ ನೋಡಿದ್ದ ಅವರು ಆ ದಿನಗಳಲ್ಲಿ ಸ್ವಲ್ಪ ಮದ್ಯವನ್ನು ಸೇವಿಸಿದಾಗ ಮುಖವು ಕೆಂಪೇರಿ, ಎದೆ ಬಡಿದುಕೊಂಡು, ಓಕರಿಕೆಯಿಂದ ಬಳಲಿದರು. ಡೈಸಲ್ಫಿರಾಮ್ ಎರಡನೆಯ ಕಿಣ್ವವನ್ನು ತಡೆಹಿಡಿಯುವುದರಿಂದ ಅಸಿಟಾಲ್ಡಿಹೈಡು ರಕ್ತದಲ್ಲಿ ಶೇಖರವಾಗುತ್ತದೆಂಬುದು ಬಳಿಕ ಸ್ಪಷ್ಟವಾಯಿತು. ೧೯೪೮ರಲ್ಲಿ ಈ ಸಂಗತಿಯು ಪ್ರಕಟವಾಯಿತು. ಹುಳುವಿನ ಔಷಧವು ಕುಡಿತವನ್ನು ಬಿಡಿಸುವ ಆಂಟಾಬ್ಯೂಸ್ ಎಂಬ ಔಷಧವಾಯಿತು.

ಅಸಿಟಾಲ್ಡಿಹೈಡನ್ನು ಹೆಚ್ಚಿಸಿದರೆ ಕುಡಿದವನು ಬಳಲುತ್ತಾನೆ ಎಂದಮೇಲೆ, ಅದನ್ನು ಕಡಮೆ ಮಾಡಿದರೆ ಅವನ ಬಳಲಿಕೆಯು ತಪ್ಪಬೇಕಲ್ಲವೆ? ಈ ತರ್ಕವು ಸಹಜವಾಗಿಯೇ ಹುಟ್ಟಿತು. ಸಿಸ್ಟೆಯಿನು ಅಸಿಟಾಲ್ಡಿಹೈಡಿನೊಡನೆ ನೇರವಾಗಿ ಕೂಡಿಕೊಂಡು ಅದನ್ನು ಕಟ್ಟಿಹಾಕುತ್ತದೆ. ೧೯೭೪ರಲ್ಲಿ ಅಮೆರಿಕದ ಹರ್ಬರ್ಟ್ ಸ್ಪ್ರಿನ್ಸ್ ಮತ್ತು ಅವನ ಸಂಗಡಿಗರು, ಅಸಿಟಾಲ್ಡಿಹೈಡನ್ನು ಮಾರಕ ಪ್ರಮಾಣದಲ್ಲಿ ಪಡೆದ ಇಲಿಗಳನ್ನು ಸಿಸ್ಟೆಯಿನು ಕಾಪಾಡಿತೆಂದು ಪ್ರಕಟಿಸಿದರು. ಬಿ ಜೀವಸತ್ವಗಳಲ್ಲೊಂದಾದ ಥಯಮಿನ್ ಸಹ ಅದೇ ಪ್ರಯೋಗದಲ್ಲಿತ್ತು. ಮುಂದಿನ ದಶಕಗಳಲ್ಲಿ ಸಿಸ್ಟೆಯಿನನ್ನೂ ಜೀವಸತ್ವಗಳನ್ನೂ ಕೂಡಿಸಿದ ಗುಳಿಗೆಗಳು "ಕುಡಿಯುವ ಮುನ್ನ ಒಂದು, ಕುಡಿದ ಮೇಲೆ ಒಂದು" ಎಂಬ ಉಪದೇಶದೊಡನೆ ಪೇಟೆಗೆ ಬಂದುದಕ್ಕೆ ಹಿಂದಿದ್ದ ಆಲೋಚನೆಯು ಇಂಥ ಪ್ರಯೋಗಗಳದ್ದೇ.

ಆದರೆ ಇಲಿಯು ಮಾರಕವಾದ ಒಂದು ಪ್ರಮಾಣದಿಂದ ಬದುಕಿ ಉಳಿಯುವುದು ಬೇರೆ. ಮನುಷ್ಯನು ಮರುದಿನ ಬೆಳಗ್ಗೆ ತಲೆನೋವಿಲ್ಲದೆ ಏಳುವುದು ಬೇರೆ. ಬಾಧೆಯು ಉಲ್ಬಣವಾಗುವುದು ರಕ್ತದಲ್ಲಿ ಮದ್ಯಸಾರವು ಬಹುತೇಕ ಬರಿದಾಗುವ ಹೊತ್ತಿಗೆ. ಆ ವೇಳೆಗೆ ಅಸಿಟಾಲ್ಡಿಹೈಡಿನಲ್ಲಿಯೂ ಬಹುಪಾಲು ತೀರಿರುತ್ತದೆ. ನಿದ್ರೆಯು ಕೆಟ್ಟುದು, ದೇಹದ ನೀರು ಹೋದುದು, ಹೊಟ್ಟೆಯ ಒಳಪದರವು ಕೆರಳಿದುದು, ದೇಹದ ರೋಗನಿರೋಧಕ ವ್ಯವಸ್ಥೆಯು ಉದ್ರಿಕ್ತವಾದುದು ಇವೆಲ್ಲವೂ ಆ ಬೆಳಗಿನಲ್ಲಿ ಸೇರಿಕೊಂಡಿರುತ್ತವೆ. ಕಳ್ಳನು ಓಡಿಹೋದ ಮೇಲೆ ಬಾಗಿಲಿಗೆ ಕಾವಲಿಟ್ಟರೆ ಮನೆಯ ಸಾಮಾನು ಹಿಂದಿರುಗಿ ಬರುವುದಿಲ್ಲ.

ಕಾಲದ ಮಹತ್ವವನ್ನು ತೋರಿಸಿಕೊಟ್ಟುದು ಸಿಸ್ಟೆಯಿನಿನ ಸೋದರನಾದ ಅಸಿಟೈಲ್‌ಸಿಸ್ಟೆಯಿನಿನ ಚರಿತ್ರೆ. ಸಿಸ್ಟೆಯಿನಿಗೆ ಅಸಿಟೈಲ್ ಎಂಬ ಒಂದು ಚಿಕ್ಕ ಗುಂಪನ್ನು ಅಂಟಿಸಿದರೆ ದೊರೆಯುವ ಈ ವಸ್ತುವನ್ನು ೧೯೬೩ರಲ್ಲಿ ಅಮೆರಿಕದ ಸರಕಾರವು ಔಷಧವಾಗಿ ಅಂಗೀಕರಿಸಿತು. ಆಗ ಅದರ ಕೆಲಸವು ಎದೆಯಲ್ಲಿ ಕಟ್ಟಿದ ಕಫವನ್ನು ತೆಳುಮಾಡುವುದಾಗಿತ್ತು. ಅದಕ್ಕೂ ಯಕೃತ್ತಿಗೂ ಸಂಬಂಧವಿದೆಯೆಂದು ಆಗ ಯಾರೂ ಎಣಿಸಿರಲಿಲ್ಲ.

೧೯೬೬ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ವೈದ್ಯರು, ನಮಗೆಲ್ಲ ಜ್ವರದ ಮಾತ್ರೆಯೆಂದು ಪರಿಚಿತವಾದ ಪ್ಯಾರಸಿಟಮಾಲನ್ನು ಅತಿಯಾಗಿ ನುಂಗಿದವರ ಯಕೃತ್ತು ನಾಶವಾದುದನ್ನು ವರದಿ ಮಾಡಿದರು. ೧೯೭೩ರಲ್ಲಿ ಅಮೆರಿಕದ ವಿಜ್ಞಾನಿಗಳು ಅದರ ಕಾರಣವನ್ನು ಬಿಡಿಸಿದರು: ಪ್ಯಾರಸಿಟಮಾಲಿನ ಒಂದು ಅಂಶವು ಯಕೃತ್ತಿನಲ್ಲಿ ವಿಷವಾಗಿ ಮಾರ್ಪಡುತ್ತದೆ, ಗ್ಲುಟಥಯೋನ್ ಇರುವವರೆಗೆ ಅದನ್ನು ಹಿಡಿಯುತ್ತದೆ, ಅದು ಮುಗಿದೊಡನೆ ವಿಷವು ಜೀವಕೋಶಗಳ ಮೇಲೆ ಬೀಳುತ್ತದೆ. ಹಾಗಾದರೆ ಗ್ಲುಟಥಯೋನನ್ನು ಕಟ್ಟಲು ಬೇಕಾದ ಸಿಸ್ಟೆಯಿನನ್ನು ಒದಗಿಸಿದರೆ ಹೇಗೆ? ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮತ್ತು ಅವನ ಸಹೋದ್ಯೋಗಿಗಳು ೧೯೭೭ರಲ್ಲಿ ಅಸಿಟೈಲ್‌ಸಿಸ್ಟೆಯಿನನ್ನು ರಕ್ತನಾಳದ ಮೂಲಕ ಕೊಟ್ಟು ರೋಗಿಗಳನ್ನು ಉಳಿಸಿದರು. ೧೯೭೯ರಲ್ಲಿ ಅವರು ಪ್ರಕಟಿಸಿದ ೧೦೦ ರೋಗಿಗಳ ವೃತ್ತಾಂತವು ಒಂದು ಸತ್ಯವನ್ನು ಸ್ಪಷ್ಟಪಡಿಸಿತು: ವಿಷವನ್ನು ನುಂಗಿದ ೮ ಗಂಟೆಗಳೊಳಗೆ ಈ ಔಷಧವನ್ನು ಕೊಟ್ಟರೆ ಯಕೃತ್ತಿಗೆ ಬಹುತೇಕ ಪೂರ್ಣ ರಕ್ಷಣೆ, ಆಮೇಲೆ ಗಂಟೆ ಕಳೆದಂತೆಲ್ಲ ರಕ್ಷಣೆಯು ಕುಂದುತ್ತದೆ. ಕೆಮ್ಮಿನ ಔಷಧವು ಪ್ರಾಣರಕ್ಷಕವಾದುದು ಹೀಗೆ. ಇಂದಿಗೂ ಅದು ಲೋಕದ ಆಸ್ಪತ್ರೆಗಳಲ್ಲಿ ಆ ಕೆಲಸವನ್ನು ಮಾಡುತ್ತಿದೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಕುಡಿದ ಮರುದಿನದ ತಲೆನೋವಿಗೆ ಪ್ಯಾರಸಿಟಮಾಲನ್ನು ಒಂದರ ಮೇಲೊಂದು ನುಂಗುವವರುಂಟು. ನಿತ್ಯವೂ ಕುಡಿಯುವವನ ಯಕೃತ್ತಿನಲ್ಲಿ ಗ್ಲುಟಥಯೋನಿನ ದಾಸ್ತಾನು ಮೊದಲೇ ಬತ್ತಿರುತ್ತದೆ. ವಿಷವನ್ನು ಹುಟ್ಟಿಸುವ ಕಿಣ್ವವು ಮಾತ್ರ ಬಲಿತಿರುತ್ತದೆ. ಉಳಿದವರಿಗೆ ಸಣ್ಣದಾದ ತಪ್ಪು ಅವನಿಗೆ ದೊಡ್ಡದಾಗಬಹುದು. ಇದನ್ನು ಮನೆಯವರು ತಿಳಿದಿದ್ದರೆ ಒಂದು ಜೀವವು ಉಳಿದೀತು.

ಆಸ್ಪತ್ರೆಯ ಈ ಜಯವನ್ನು ಕಂಡವರು ಅಸಿಟೈಲ್‌ಸಿಸ್ಟೆಯಿನನ್ನು ಕುಡಿತದ ಬಾಧೆಗೂ ಹಚ್ಚಿದರು. ಪ್ಯಾರಸಿಟಮಾಲಿನಿಂದ ಯಕೃತ್ತನ್ನು ಕಾಯುವುದು ಮದ್ಯದಿಂದಲೂ ಕಾಯಬೇಕೆಂಬುದು ಅವರ ಎಣಿಕೆ. ೨೦೦೬ರಲ್ಲಿ ಚೀನಾದ ವಿಜ್ಞಾನಿಗಳು ಚಿಕ್ಕಿಲಿಗಳ ಮೇಲೆ ಮಾಡಿದ ಪ್ರಯೋಗವು ಆ ಎಣಿಕೆಯನ್ನು ಅಲುಗಿಸಿತು. ಮದ್ಯಸಾರವನ್ನು ಕೊಡುವ ಮೊದಲೇ ಅಸಿಟೈಲ್‌ಸಿಸ್ಟೆಯಿನನ್ನು ಪಡೆದ ಇಲಿಗಳ ಯಕೃತ್ತು ರಕ್ಷಣೆಯನ್ನು ಪಡೆಯಿತು. ಮದ್ಯಸಾರವನ್ನು ಕೊಟ್ಟ ಮೇಲೆ ಪಡೆದ ಇಲಿಗಳಲ್ಲಿ ಹಾನಿಯು ಇನ್ನೂ ಹೆಚ್ಚಿತು. ವಸ್ತುವು ಒಂದೇ, ಪ್ರಾಣಿಯೂ ಒಂದೇ. ಬದಲಾದುದು ಕಾಲ ಮಾತ್ರ. ಬೆಳಗ್ಗೆ ತಲೆಯನ್ನು ಹಿಡಿದುಕೊಂಡು ಎದ್ದವನು ಗುಳಿಗೆಗೆ ಕೈಚಾಚುವುದು ಯಾವ ಕಾಲದಲ್ಲಿ ಎಂಬುದನ್ನು ವಾಚಕರೇ ಯೋಚಿಸಲಿ. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ನೇರವಾಗಿ ಹೊಂದಿಸಲಾಗದೆಂಬುದು ನಿಜ. ಆದರೆ ಲಾಭದ ವಿಷಯದಲ್ಲಿ ಇಲಿಯ ಸಾಕ್ಷ್ಯವನ್ನು ಒಪ್ಪಿದವರು ಹಾನಿಯ ವಿಷಯದಲ್ಲಿ ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಅನಿರೀಕ್ಷಿತ ಪರಿಣಾಮಗಳೆಲ್ಲವೂ ಕೆಟ್ಟವೇ ಆಗಿರಲಿಲ್ಲ. ಮಿದುಳಿನ ಜೀವಕೋಶಗಳು ಸಿಸ್ಟೀನನ್ನು ಒಳಕ್ಕೆ ತೆಗೆದುಕೊಳ್ಳುವಾಗ ಗ್ಲುಟಮೇಟ್ ಎಂಬ ಇನ್ನೊಂದು ಅಮೈನೊ ಆಮ್ಲವನ್ನು ಹೊರಕ್ಕೆ ಬಿಡುತ್ತವೆ. ಗ್ಲುಟಮೇಟು ನರಗಳ ನಡುವೆ ಸಂದೇಶವನ್ನು ಒಯ್ಯುವ ವಸ್ತು. ಚಟ, ಹಂಬಲಗಳಲ್ಲಿ ಅದರ ಕೈವಾಡವಿದೆ. ಆದುದರಿಂದ ಯಕೃತ್ತಿಗೆಂದು ನುಂಗಿದ ವಸ್ತುವು ಮನಸ್ಸನ್ನೂ ಮುಟ್ಟಬಲ್ಲದು. ತಮ್ಮ ಕೂದಲನ್ನು ತಾವೇ ಕಿತ್ತುಕೊಳ್ಳುವ ಒಂದು ಮಾನಸಿಕ ವ್ಯಾಧಿಯುಂಟು. ೨೦೦೯ರಲ್ಲಿ ಅಮೆರಿಕದಲ್ಲಿ ೫೦ ಜನ ರೋಗಿಗಳ ಮೇಲೆ ೧೨ ವಾರಗಳ ಪರೀಕ್ಷೆಯೊಂದು ನಡೆಯಿತು. ಅಸಿಟೈಲ್‌ಸಿಸ್ಟೆಯಿನನ್ನು ಪಡೆದವರಲ್ಲಿ ಶೇಕಡಾ ೫೬ ಜನರಿಗೆ ಗುಣ ಕಂಡಿತು. ಔಷಧವಿಲ್ಲದ ಹುಸಿಗುಳಿಗೆಯನ್ನು ಪಡೆದವರಲ್ಲಿ ಗುಣ ಕಂಡುದು ಶೇಕಡಾ ೧೬ ಜನರಿಗೆ ಮಾತ್ರ. ಆದರೆ ೨೦೧೩ರಲ್ಲಿ ಮಕ್ಕಳ ಮೇಲೆ ಇದೇ ಬಗೆಯ ಪರೀಕ್ಷೆಯು ನಡೆದಾಗ ಔಷಧಕ್ಕೂ ಹುಸಿಗುಳಿಗೆಗೂ ಅಂತರವು ಕಾಣಲಿಲ್ಲ. ದೊಡ್ಡವರಲ್ಲಿ ಫಲಿಸಿದುದು ಮಕ್ಕಳಲ್ಲಿ ಫಲಿಸಲಿಲ್ಲ. ಗುಣವೇ ಆಗಲಿ ದೋಷವೇ ಆಗಲಿ, ಮನಸ್ಸನ್ನು ಮುಟ್ಟುವ ವಸ್ತುವನ್ನು ಬರಿಯ ಆಹಾರವೆಂದು ಕರೆಯುವುದು ಹೇಗೆ?

೨೦೧೪ರಲ್ಲಿ ಸ್ವೀಡನ್ನಿನಿಂದ ಇನ್ನೊಂದು ಸುದ್ದಿಯು ಬಂದಿತು. ಶ್ವಾಸಕೋಶದಲ್ಲಿ ಅರ್ಬುದವು ಮೊಳೆತಿದ್ದ ಚಿಕ್ಕಿಲಿಗಳಿಗೆ ಅಸಿಟೈಲ್‌ಸಿಸ್ಟೆಯಿನನ್ನಾಗಲಿ ಇ ಜೀವಸತ್ವವನ್ನಾಗಲಿ ಕೊಟ್ಟಾಗ ಗಡ್ಡೆಗಳು ಇನ್ನೂ ವೇಗವಾಗಿ ಬೆಳೆದುವು. ಆರೋಗ್ಯವಂತ ಜೀವಕೋಶವನ್ನು ಕಾಯುವ ಕಾವಲುಗಾರನು ರೋಗಿಷ್ಠ ಜೀವಕೋಶವನ್ನೂ ಕಾಯುತ್ತಾನೆ. ಅವನಿಗೆ ಮಿತ್ರನಾರು ಶತ್ರುವಾರು ಎಂಬ ವಿವೇಕವಿಲ್ಲ.

ಇಷ್ಟರವರೆಗೆ ನಾವು ಕಾಲವನ್ನೂ ಪಾತ್ರವನ್ನೂ ಕುರಿತು ಹೇಳಿದೆವು. ಅಮೈನೊ ಆಮ್ಲಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ದಾರುಣವಾದ ಪಾಠವನ್ನು ಕಲಿಸಿದುದು ಶುದ್ಧಿಯ ಪ್ರಶ್ನೆ. ಅದಕ್ಕಾಗಿ ಸಿಸ್ಟೆಯಿನನ್ನು ಸ್ವಲ್ಪ ಹೊತ್ತು ಬಿಟ್ಟು ಟ್ರಿಪ್ಟೊಫ್ಯಾನ್ ಎಂಬ ಇನ್ನೊಂದು ಅಮೈನೊ ಆಮ್ಲವನ್ನು ನೋಡಬೇಕು. ಅಮೆರಿಕದಲ್ಲಿ ಸಾವಿರಾರು ಜನರು ಅದನ್ನು ನಿದ್ರೆಗಾಗಿ, ಮನಸ್ಸಿನ ಬೇಸರಕ್ಕಾಗಿ, ಅಂಗಡಿಯಿಂದ ಕೊಂಡು ನುಂಗುತ್ತಿದ್ದರು. ೧೯೮೯ರ ಅಕ್ಟೋಬರಿನಲ್ಲಿ ನ್ಯೂ ಮೆಕ್ಸಿಕೊ ಪ್ರಾಂತದ ವೈದ್ಯರು ಮೂವರು ಹೆಂಗಸರಲ್ಲಿ ಒಂದು ವಿಚಿತ್ರವಾದ ರೋಗವನ್ನು ಕಂಡರು: ಸಹಿಸಲಾಗದ ಸ್ನಾಯುನೋವು, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಒಂದು ಜಾತಿಯ ಬಿಳಿಯ ಕಣಗಳ ವಿಪರೀತ ಏರಿಕೆ. ಮೂವರೂ ಟ್ರಿಪ್ಟೊಫ್ಯಾನನ್ನು ಸೇವಿಸುತ್ತಿದ್ದವರು. ನವೆಂಬರಿನಲ್ಲಿ ಸರಕಾರವು ಆ ಗುಳಿಗೆಗಳನ್ನು ಅಂಗಡಿಗಳಿಂದ ಹಿಂತೆಗೆಸಿತು. ಅಷ್ಟರಲ್ಲಿ ೧,೫೦೦ಕ್ಕೂ ಹೆಚ್ಚು ಜನರು ರೋಗಕ್ಕೆ ತುತ್ತಾಗಿದ್ದರು. ೩೭ ಜನರಾದರೂ ಸತ್ತರು. ಬದುಕಿದವರಲ್ಲಿ ಅನೇಕರು ಬಹುಕಾಲ ನರಳಿದರು.

ಶೋಧನೆಯು ಜಪಾನಿನ ಶೋವಾ ಡೆಂಕೊ ಎಂಬ ಒಂದೇ ಕಾರ್ಖಾನೆದಾರರ ಸರಕಿನವರೆಗೆ ಹೋಗಿ ಮುಟ್ಟಿತು. ಅಲ್ಲಿ ಟ್ರಿಪ್ಟೊಫ್ಯಾನನ್ನು ಸೂಕ್ಷ್ಮಾಣುಗಳಿಂದ ಹುದುಗಿಸಿ ತಯಾರಿಸುತ್ತಿದ್ದರು. ಸೂಕ್ಷ್ಮಾಣುವಿನ ಹೊಸ ತಳಿಯೊಂದನ್ನು ಬಳಕೆಗೆ ತಂದ ಕಾಲದಲ್ಲಿಯೇ, ಸರಕನ್ನು ಸೋಸುವ ಇದ್ದಿಲಿನ ಪುಡಿಯ ಪ್ರಮಾಣವನ್ನೂ ತಗ್ಗಿಸಲಾಗಿತ್ತು. ಆ ಸರಕಿನಲ್ಲಿ ಅತ್ಯಲ್ಪ ಪ್ರಮಾಣದ ಕಲ್ಮಶಗಳು ಕಂಡುಬಂದುವು. ಅವುಗಳಲ್ಲಿ ರೋಗದೊಡನೆ ತಳುಕುಗೊಂಡ ಒಂದು ಕಲ್ಮಶವು ಎರಡು ಟ್ರಿಪ್ಟೊಫ್ಯಾನ್ ಅಣುಗಳನ್ನು ಒಂದು ಅಸಿಟಾಲ್ಡಿಹೈಡ್ ಅಣುವು ಬೆಸೆದುದರಿಂದ ಆದುದಾಗಿತ್ತು. ಕುಡಿದವನ ಯಕೃತ್ತಿನಲ್ಲಿ ನಾವು ಕಂಡ ಅದೇ ಅಸಿಟಾಲ್ಡಿಹೈಡು ಇಲ್ಲಿಯೂ ಅಮೈನೊ ಆಮ್ಲಕ್ಕೆ ಅಂಟಿಕೊಂಡಿತ್ತು! ಈ ಕಲ್ಮಶವೊಂದೇ ರೋಗಕ್ಕೆ ಕಾರಣವೆಂಬುದು ಪೂರ್ತಿಯಾಗಿ ಸಿದ್ಧವಾಗಲಿಲ್ಲ. ಆದರೆ ರೋಗವು ಆ ಸರಕನ್ನು ಹಿಂಬಾಲಿಸಿತೆಂಬುದರಲ್ಲಿ ಸಂದೇಹವಿಲ್ಲ. ಹಾಲು, ಮೊಟ್ಟೆ, ಕಡಲೆಗಳಲ್ಲಿರುವ ಟ್ರಿಪ್ಟೊಫ್ಯಾನಿನಿಂದ ಯಾರೂ ಹೀಗೆ ಸಾಯಲಿಲ್ಲ. ಸೀಸೆಯ ಮೇಲೆ ಬರೆದಿದ್ದ ಹೆಸರು ಆಹಾರದ್ದು; ಒಳಗಿದ್ದುದು ಕಾರ್ಖಾನೆಯದು.

ಇಷ್ಟಾದರೂ ಅಮೆರಿಕದಲ್ಲಿ ೧೯೯೪ರಲ್ಲಿ ಬಂದ ಕಾನೂನು ಇಂಥ ಪೂರಕ ವಸ್ತುಗಳನ್ನು ಔಷಧಗಳ ಕಠಿಣ ಪರೀಕ್ಷೆಯಿಂದ ಹೊರಗಿಟ್ಟಿತು. ಮೊದಲೇ ಔಷಧವಾಗಿ ಅಂಗೀಕೃತವಾದುದನ್ನು ಪೂರಕವೆಂದು ಮಾರಬಾರದೆಂಬ ಒಂದು ನಿಯಮ ಅದರಲ್ಲಿತ್ತು. ೨೦೨೦ರ ಜುಲೈಯಲ್ಲಿ ಅಲ್ಲಿಯ ಔಷಧ ಇಲಾಖೆಯು ಕುಡಿತದ ಬಾಧೆಗೆಂದು ಗುಳಿಗೆಗಳನ್ನು ಮಾರುತ್ತಿದ್ದ ಏಳು ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರಗಳನ್ನು ಬರೆದಾಗ ಈ ನಿಯಮವನ್ನೇ ನೆನಪಿಸಿತು: ಅಸಿಟೈಲ್‌ಸಿಸ್ಟೆಯಿನು ೧೯೬೩ರಿಂದಲೂ ಔಷಧ, ಅದು ಪೂರಕ ಆಹಾರವಲ್ಲ. ವ್ಯಾಪಾರಿಗಳು ಆಕ್ಷೇಪಿಸಿದರು. ೨೦೨೨ರಲ್ಲಿ ಇಲಾಖೆಯು ತನ್ನ ಬಿಗಿಯನ್ನು ಸಡಿಲಿಸಿತು. ಔಷಧ ಯಾವುದು, ಆಹಾರ ಯಾವುದು ಎಂಬ ಗೆರೆಯನ್ನು ಎಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಕೊನೆಗೆ, ಈ ಗುಳಿಗೆಗಳು ಬಾಧೆಯನ್ನಾದರೂ ಕಳೆಯುತ್ತವೆಯೆ? ೨೦೨೧ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಸಿಟೈಲ್‌ಸಿಸ್ಟೆಯಿನನ್ನು ಪಡೆದವರಿಗೂ ಹುಸಿಗುಳಿಗೆಯನ್ನು ಪಡೆದವರಿಗೂ ಒಟ್ಟಿನ ಮೇಲೆ ಅಂತರವು ಕಾಣಲಿಲ್ಲ. ಹೆಂಗಸರಲ್ಲಿ ಮಾತ್ರ ಕೆಲವು ಲಕ್ಷಣಗಳು ಕೊಂಚ ತಗ್ಗಿದುವು. ೨೦೨೨ರ ಆರಂಭದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಈ ಬಗೆಯ ೨೧ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿನೋಡಿದರು. ಎಲ್ಲ ಪರೀಕ್ಷೆಗಳಲ್ಲಿ ಪಾಲ್ಗೊಂಡವರು ಕೂಡಿ ೩೮೬ ಜನರು ಮಾತ್ರ. ಎಂಟು ಪರೀಕ್ಷೆಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಯಾವ ವಸ್ತುವಿನ ಪರವಾಗಿಯೂ ದೊರೆತ ಸಾಕ್ಷ್ಯವು ಅತಿ ದುರ್ಬಲವೆಂಬುದು ಅವರ ತೀರ್ಪು.

ಹಾಗೆಂದು ಸಿಸ್ಟೆಯಿನನ್ನು ನಾವು ಹಳಿಯುವುದಿಲ್ಲ. ನಮ್ಮ ಕೂದಲಿನ ಗಟ್ಟಿತನವು ಅದರದು. ನಮ್ಮ ಯಕೃತ್ತಿನ ಕಾವಲು ಅದರದು. ವಿಷವನ್ನು ನುಂಗಿದವನನ್ನು ಆಸ್ಪತ್ರೆಯಲ್ಲಿ ಉಳಿಸಿದ ಕೀರ್ತಿಯೂ ಅದರ ಕುಲದ್ದೇ. ಆದರೆ ಆ ಕೀರ್ತಿಯು ಅದಕ್ಕೆ ಬಂದುದು ಕಾಲ, ಪ್ರಮಾಣ, ಪಾತ್ರ, ಶುದ್ಧಿ ಎಂಬ ನಾಲ್ಕನ್ನೂ ಬಲ್ಲ ವೈದ್ಯನ ಕೈಯಲ್ಲಿ. ಆ ನಾಲ್ಕರಲ್ಲಿ ಒಂದು ತಪ್ಪಿದಾಗಲೆಲ್ಲ ಚರಿತ್ರೆಯು ನಮಗೆ ಬೇರೊಂದು ಮುಖವನ್ನು ತೋರಿಸಿದೆ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು; ಅಕಾಲದಲ್ಲಿ, ಅಪಾತ್ರದಲ್ಲಿ, ಅಶುದ್ಧವಾಗಿ ಕೊಟ್ಟರೂ ಅಷ್ಟೇ ಎಂದು ನಾವು ಸೇರಿಸಿಕೊಳ್ಳಬಹುದು.

ಇನ್ನೊಂದು ಮಾತು. ೨೦೦೯ರಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯ ತಜ್ಞರು, ಕುಡಿತದಿಂದ ದೇಹದಲ್ಲಿ ಉಂಟಾಗುವ ಅಸಿಟಾಲ್ಡಿಹೈಡು ಮನುಷ್ಯನಲ್ಲಿ ಅರ್ಬುದವನ್ನು ಹುಟ್ಟಿಸುವ ವಸ್ತುವೆಂದು ನಿರ್ಣಯಿಸಿದರು. ಮರುದಿನದ ತಲೆನೋವು ದೇಹವು ಹೊಡೆಯುವ ಗಂಟೆ. ಗುಳಿಗೆಯು ಆ ಗಂಟೆಯ ನಾಲಗೆಯನ್ನು ಕಟ್ಟಬಲ್ಲದೆಂದೇ ಇಟ್ಟುಕೊಂಡರೂ, ಬೆಂಕಿಯು ಆರಿತೆಂದು ಅದರಿಂದ ಸಿದ್ಧವಾಗುವುದಿಲ್ಲ. ತರಗತಿಯಲ್ಲಿ ಅಮೈನೊ ಆಮ್ಲದ ಪಾಠವು ಬಂದ ದಿನ, ಉಪಾಧ್ಯಾಯ ಬಂಧುಗಳು ಮೂತ್ರಕೋಶದ ಆ ಕಲ್ಲಿನಿಂದ ಹಿಡಿದು ನ್ಯೂ ಮೆಕ್ಸಿಕೊದ ಆ ಮೂವರು ಹೆಂಗಸರವರೆಗಿನ ಈ ಕಥೆಯನ್ನು ಮಕ್ಕಳಿಗೆ ಹೇಳಲಿ. ಸೀಸೆಯ ಮೇಲಿನ ಬರಹವನ್ನು ಓದಿದೊಡನೆಯೇ ನಂಬದೆ, "ಯಾವಾಗ, ಎಷ್ಟು, ಯಾರಿಗೆ, ಎಲ್ಲಿಂದ ಬಂದುದು?" ಎಂದು ಕೇಳುವ ಮಗುವೊಂದು ಆ ತರಗತಿಯಿಂದ ಹೊರಬಂದರೆ, ಪಾಠವು ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.